ನಮ್ಮ ಬಿಸಿಲಿಗೆ ದಪ್ಪ ಎಂಜಿನ್ ಆಯಿಲ್ಲೇ ಬೇಕಾ? ಟರ್ಬೊ ಕಾರು ಇಟ್ಟುಕೊಂಡವರು ತಿಳಿಯಬೇಕಾದ್ದು

"ಯುರೋಪಿನ ಕಾರಿಗೆ ಅಲ್ಲಿನ ಚಳಿಗೆ ಮಾಡಿದ ತೆಳು ಆಯಿಲ್ ಹೇಳಿರ್ತಾರ. ನಮ್ ಕಡೆ ಬಿಸ್ಲು ಭಾಳ ಅದ, ಅದು ನಡಿಯಂಗಿಲ್ಲ. 20ಡಬ್ಲ್ಯು-50 ಹಾಕ್ರಿ, ಎಂಜಿನ್ ಗಟ್ಟಿ ಉಳೀತದ." ಕಲಬುರಗಿ ಜಿಲ್ಲೆಯ ಯಾವುದೇ ಗ್ಯಾರೇಜ್ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಇದೇ ಅರ್ಥದ ಸಂದೇಶಗಳು ವಾಟ್ಸಾಪ್‌ನಲ್ಲೂ ಓಡಾಡುತ್ತವೆ. ಕೇಳಲು ಸರಿಯಾಗಿಯೇ ಇದೆ. ಏಪ್ರಿಲ್-ಮೇ ತಿಂಗಳಲ್ಲಿ ಅಫಜಲಪುರ, ಜೇವರ್ಗಿ, ಆಳಂದ ಕಡೆ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ಹಾಗಾದರೆ ಇದು ನಿಜವೇ? ಬಹುಪಾಲು ಅಲ್ಲ. ಇದನ್ನು ನಂಬಿ ತಪ್ಪು ಆಯಿಲ್ ಹಾಕಿಸಿದರೆ ಮೊದಲು ಏಟು ಬೀಳುವುದು ಟರ್ಬೊಗೆ.

ನಮ್ಮೂರಲ್ಲಿ ಯುರೋಪಿನ ಕಾರು ಎಲ್ಲಿದೆ?

ಯುರೋಪಿನ ಟರ್ಬೊ ಎಂದರೆ ಬೆಂಗಳೂರಿನ ಸಾಹುಕಾರರ ಕಾರು ಎಂದುಕೊಳ್ಳಬೇಡಿ. ಅಮಾವಾಸ್ಯೆಯ ದಿನ ಘತ್ತರಗಿಯ ಭಾಗ್ಯವಂತಿ ದೇವಿ ದರ್ಶನಕ್ಕೆ ಬಂದು ಭೀಮಾ ನದಿ ದಂಡೆಯಲ್ಲಿ ನಿಂತ ಗಾಡಿಗಳನ್ನು ನೋಡಿ. ಅದರಲ್ಲಿ ಡೀಸೆಲ್ ಸ್ವಿಫ್ಟ್ ಅಥವಾ ಡಿಜೈರ್ ಇದ್ದರೆ, ಅದರ 1.3 ಲೀಟರ್ ಎಂಜಿನ್ ಇಟಲಿಯ ಫಿಯಟ್ ಕಂಪನಿಯ ಮಲ್ಟಿಜೆಟ್. ಟಾಟಾ ಇಂಡಿಕಾ ವಿಸ್ಟಾದಲ್ಲೂ ಅದೇ ಎಂಜಿನ್ ಬಂದಿತ್ತು. ಅಷ್ಟು ಕಾರುಗಳಲ್ಲಿ ಕೂತಿದ್ದರಿಂದ ವಾಹನ ಪತ್ರಿಕೆಗಳು ಅದನ್ನು ಭಾರತದ 'ರಾಷ್ಟ್ರೀಯ ಎಂಜಿನ್' ಎಂದೇ ಕರೆದವು. ಟಾಟಾ ಹ್ಯಾರಿಯರ್‌ನ 2 ಲೀಟರ್ ಡೀಸೆಲ್ ಎಂಜಿನ್ನಿನ ಮೂಲವೂ ಫಿಯಟ್. ಡಸ್ಟರ್‌ನ 1.5 ಡೀಸೆಲ್ ಎಂಜಿನ್ ಫ್ರಾನ್ಸಿನ ರೆನಾಲ್ಟ್‌ನದು. ಇನ್ನು ಸ್ಕೋಡಾ ಕುಶಾಕ್, ಸ್ಲಾವಿಯಾ, ಫೋಕ್ಸ್‌ವ್ಯಾಗನ್ ಟೈಗುನ್, ವರ್ಟಸ್ ಕಾರುಗಳಲ್ಲಿ ಪೆಟ್ರೋಲ್ ಟರ್ಬೊ ಇದೆ. ಅಂದರೆ ಈ ವಿಷಯ ಬಾಡಿಗೆ ಗಾಡಿ ಓಡಿಸಿ ಮನೆ ನಡೆಸುವವರಿಗೂ ಸಂಬಂಧಿಸಿದ್ದು.

ಡಬ್ಬಿಯ ಮೇಲಿನ ಅಂಕಿ ಏನು ಹೇಳುತ್ತದೆ?

5ಡಬ್ಲ್ಯು-30 ಎಂಬುದರಲ್ಲಿ 'ಡಬ್ಲ್ಯು' ಎಂದರೆ ವಿಂಟರ್, ಚಳಿಗಾಲ. ಹಲವರು ತಿಳಿದಂತೆ ಅದು ವೆಯ್ಟ್ ಅಲ್ಲ. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂದು ಹೇಳುತ್ತದೆ. ಎರಡನೆಯದು ಎಂಜಿನ್ ಪೂರ್ತಿ ಕಾದಾಗ, ಅಂದರೆ 100 ಡಿಗ್ರಿಯಲ್ಲಿ, ಆಯಿಲ್ ಎಷ್ಟು ದಪ್ಪ ಇರುತ್ತದೆ ಎಂಬುದರ ಅಳತೆ. ಅಂಕಿ ಹೆಚ್ಚಿದಷ್ಟೂ ಆಯಿಲ್ ದಪ್ಪ.

ಇಲ್ಲಿ ಗಮನಿಸಿ: ಎರಡನೆಯ ಅಂಕಿ 100 ಡಿಗ್ರಿಯ ಲೆಕ್ಕ, ಊರಿನ ಬಿಸಿಲಿನ ಲೆಕ್ಕ ಅಲ್ಲ. ಕಾರು ಜರ್ಮನಿಯಲ್ಲಿ ಓಡಲಿ, ಜೇವರ್ಗಿಯಲ್ಲಿ ಓಡಲಿ, ಥರ್ಮೋಸ್ಟಾಟ್ ಎಂಜಿನ್ನಿನ ಕೂಲಂಟನ್ನು ಸುಮಾರು 90 ಡಿಗ್ರಿಯ ಆಸುಪಾಸಿನಲ್ಲೇ ಇಡುತ್ತದೆ. ಆಯಿಲ್ ಅದಕ್ಕಿಂತ ಸ್ವಲ್ಪ ಹೆಚ್ಚು ಕಾಯುತ್ತದೆ. ಹೊರಗಿನ ಬಿಸಿಲು 20 ಡಿಗ್ರಿ ಏರಿತೆಂದು ಒಳಗಿನ ಆಯಿಲ್ಲೂ 20 ಡಿಗ್ರಿ ಏರುವುದಿಲ್ಲ.

ಕಬ್ಬಿನ ಗಾಣದಲ್ಲಿ ಬೆಲ್ಲದ ಪಾಕ ನೋಡಿದವರಿಗೆ ಇನ್ನೊಂದು ಸಂಗತಿ ಸುಲಭವಾಗಿ ಅರ್ಥವಾಗುತ್ತದೆ. ಕುದಿಯುವಾಗ ಹರಿಯುವ ಪಾಕ ಆರುತ್ತ ಹೋದಂತೆ ಗಟ್ಟಿಯಾಗುತ್ತದೆ. ಆಯಿಲ್ಲೂ ಹಾಗೇ. 5ಡಬ್ಲ್ಯು-30 ಆಯಿಲ್ 40 ಡಿಗ್ರಿಯಲ್ಲಿ, 100 ಡಿಗ್ರಿಯಲ್ಲಿ ಇರುವುದಕ್ಕಿಂತ ಸುಮಾರು ಆರು ಪಟ್ಟು ದಪ್ಪ ಇರುತ್ತದೆ. ಅಂದರೆ ನಮ್ಮ ನಡುಬೇಸಿಗೆಯ ಮಧ್ಯಾಹ್ನವೂ ಎಂಜಿನ್ ಪಾಲಿಗೆ 'ತಂಪು' ಹೊತ್ತೇ! ಅದೇ 40 ಡಿಗ್ರಿಯಲ್ಲಿ 20ಡಬ್ಲ್ಯು-50 ಆಯಿಲ್, 5ಡಬ್ಲ್ಯು-30ಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದಪ್ಪ. ಗಾಡಿ ಚಾಲೂ ಮಾಡಿದ ಕೂಡಲೇ ಅದು ಎಂಜಿನ್ ಮೂಲೆ ಮೂಲೆಗೆ ತಲುಪಲು ತಡವಾಗುತ್ತದೆ. ಆ ಕೆಲವು ಸೆಕೆಂಡುಗಳಲ್ಲೇ ಸವೆತ ಹೆಚ್ಚು.

ಟರ್ಬೊಗೆ ಯಾಕೆ ಇಷ್ಟು ಕಾಳಜಿ?

ಟರ್ಬೊ ಎಂದರೆ ಹೊರಹೋಗುವ ಹೊಗೆಯ ರಭಸದಿಂದ ತಿರುಗುವ ಸಣ್ಣ ಚಕ್ರ. ಅದರ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಒಂದೂವರೆಯಿಂದ ಎರಡು ಲಕ್ಷ ಸುತ್ತು ತಿರುಗಬಲ್ಲದು. ಡೀಸೆಲ್ ಕಾರಿನಲ್ಲಿ ಅದಕ್ಕೆ ತಾಗುವ ಹೊಗೆ 700-800 ಡಿಗ್ರಿವರೆಗೂ ಕಾಯುತ್ತದೆ, ಪೆಟ್ರೋಲ್ ಕಾರಿನಲ್ಲಿ ಇನ್ನೂ ಹೆಚ್ಚು. ಸಾಮಾನ್ಯ ಟರ್ಬೊಗಳಲ್ಲಿ ಈ ಚಕ್ರಗಳ ನಡುವಿನ ದಂಡ ಆಯಿಲ್ಲಿನ ತೆಳು ಪದರದ ಮೇಲೆ ತೇಲುತ್ತ ತಿರುಗುತ್ತದೆ. ಜಾರಿಸುವುದು ಅಷ್ಟೇ ಅಲ್ಲ, ತಂಪು ಮಾಡುವುದೂ ಆಯಿಲ್ ಕೆಲಸ. ಆಯಿಲ್ ತಡವಾಗಿ ತಲುಪಿದರೆ ಅಥವಾ ಕಾವಿಗೆ ಸುಟ್ಟು ಕರಿ ಕಟ್ಟಿದರೆ ಮೊದಲು ಹಾಳಾಗುವುದು ಈ ಭಾಗವೇ. 1.3 ಮಲ್ಟಿಜೆಟ್‌ನಲ್ಲಿ ಟೈಮಿಂಗ್ ಚೈನ್ ಬಿಗಿ ಹಿಡಿಯುವುದೂ ಆಯಿಲ್ ಒತ್ತಡವೇ. ಹಳಸಿದ ಆಯಿಲ್‌ನಿಂದ ಚೈನ್ ಸವೆದು ಸಡಿಲವಾದರೆ ಎಂಜಿನ್ನೇ ಬಿಚ್ಚಬೇಕಾಗುತ್ತದೆ.

ಅಂಕಿ ಒಂದೇ, ಆಯಿಲ್ ಬೇರೆ

ಹೆಚ್ಚಿನವರು ತಪ್ಪುವುದು ಇಲ್ಲಿ. ಅಂಗಡಿಯಲ್ಲಿ 5ಡಬ್ಲ್ಯು-30 ಎಂದು ಬರೆದ ಎರಡು ಡಬ್ಬಿ ಇದ್ದರೆ ಎರಡೂ ಒಂದೇ ಅಲ್ಲ. ಯುರೋಪಿನ ಕಾರು ತಯಾರಕರ ಸಂಘ ಎಸಿಇಎ ಆಯಿಲ್‌ಗಳನ್ನು ಬೇರೆ ಬೇರೆ ದರ್ಜೆಗಳಾಗಿ ವಿಂಗಡಿಸಿದೆ. ಎ3/ಬಿ4 ಮತ್ತು ಸಿ3 ದರ್ಜೆಯ ಆಯಿಲ್‌ಗಳು 150 ಡಿಗ್ರಿ ಕಾವಿನಲ್ಲಿ, ಜೋರು ತಿಕ್ಕಾಟದಲ್ಲೂ ಪದರ ಹರಿಯದಂತೆ ಹೆಚ್ಚಿನ ಬಲ ತೋರಿಸಬೇಕು. ಇಂಧನ ಉಳಿತಾಯಕ್ಕೆಂದು ಮಾಡಿದ ಇತರ 5ಡಬ್ಲ್ಯು-30 ಆಯಿಲ್‌ಗಳಿಗೆ ಈ ಪರೀಕ್ಷೆಯಲ್ಲಿ ಅಷ್ಟು ಬಲ ಬೇಕಿಲ್ಲ.

ಇದರ ಮೇಲೆ ಕಂಪನಿಗಳ ಸ್ವಂತ ಅನುಮೋದನೆ ಸಂಖ್ಯೆಗಳಿವೆ. ಫೋಕ್ಸ್‌ವ್ಯಾಗನ್-ಸ್ಕೋಡಾದ್ದು 502 00, 504 00, 508 00. ಮರ್ಸಿಡಿಸ್‌ದು 229.5, 229.51. ಬಿಎಂಡಬ್ಲ್ಯುದು ಲಾಂಗ್‌ಲೈಫ್-04. ಇವನ್ನು ಮನಸ್ಸಿಗೆ ಬಂದಂತೆ ಅದಲು ಬದಲು ಮಾಡುವಂತಿಲ್ಲ. 508 00 ಎಂಬುದು ತೆಳುವಾದ 0ಡಬ್ಲ್ಯು-20 ಆಯಿಲ್. ಅದಕ್ಕೆಂದೇ ರೂಪಿಸಿದ ಎಂಜಿನ್ನಿಗೆ ಅದು ಸರಿ. 502 00 ಕೇಳುವ ಹಳೆಯ ಎಂಜಿನ್ನಿಗೆ ಸಲ್ಲದು. ಹೊಸದು, ದುಬಾರಿ ಎಂದ ಮಾತ್ರಕ್ಕೆ ನಿಮ್ಮ ಕಾರಿಗೆ ಒಳ್ಳೆಯದು ಎಂದಲ್ಲ.

ಬಿಎಸ್-6 ಡೀಸೆಲ್ ಕಾರುಗಳದ್ದು ಇನ್ನೊಂದು ಕಥೆ. ದೇಶದಲ್ಲಿ 2020ರ ಏಪ್ರಿಲ್ 1ರಿಂದ ಈ ನಿಯಮ ಬಂತು. ಇವುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಎನ್ನುತ್ತಾರೆ. ಮಸಿಯನ್ನು ಅದು ಆಗಾಗ ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಆದರೆ ಆಯಿಲ್‌ನಲ್ಲಿರುವ ಲೋಹದ ಅಂಶಗಳಿಂದ ಬರುವ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಅದಕ್ಕೇ ಇಂಥ ಕಾರುಗಳಿಗೆ ಕಡಿಮೆ ಬೂದಿಯ 'ಸಿ' ದರ್ಜೆಯ ಆಯಿಲ್ ಬೇಕು. ಸಿ3ರಲ್ಲಿ ಬೂದಿ 0.8 ಶೇಕಡ ಮೀರುವಂತಿಲ್ಲ.

ಟ್ರ್ಯಾಕ್ಟರ್ ಆಯಿಲ್ ಉಳಿದಿದೆ, ಕಾರಿಗೆ ಹಾಕಬಹುದೇ?

ತೊಗರಿ, ಕಬ್ಬು ಬೆಳೆಯುವ ಮನೆಗಳಲ್ಲಿ ಟ್ರ್ಯಾಕ್ಟರ್‌ಗೆಂದು ತಂದ 15ಡಬ್ಲ್ಯು-40 ಡಬ್ಬಿ ಇದ್ದೇ ಇರುತ್ತದೆ. ಟ್ರ್ಯಾಕ್ಟರ್‌ಗೆ ಅದು ಒಳ್ಳೆಯ ಆಯಿಲ್ಲೇ. ಆದರೆ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನಿಗೆ ಅದನ್ನು ಸುರಿಯಬೇಡಿ. ಇಂಥ ಎಂಜಿನ್ನುಗಳಲ್ಲಿ ಕಡಿಮೆ ವೇಗದಲ್ಲಿ ಜೋರಾಗಿ ಆಕ್ಸಿಲರೇಟರ್ ತುಳಿದಾಗ, ಪ್ಲಗ್ ಕಿಡಿ ಹಾರಿಸುವ ಮೊದಲೇ ಇಂಧನ ಹೊತ್ತಿಕೊಳ್ಳುವ ಅಪಾಯವಿದೆ. ಪಿಸ್ಟನ್ ಒಡೆಯುವಷ್ಟು ಜೋರಿನ ಏಟು ಅದು. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಆಧಾರಿತ ಅಂಶ ಹೆಚ್ಚಿದ್ದರೆ ಈ ಅಪಾಯವೂ ಹೆಚ್ಚು, ಮತ್ತು ಹಲವು ಡೀಸೆಲ್ ಆಯಿಲ್‌ಗಳಲ್ಲಿ ಅದು ಹೆಚ್ಚೇ ಇರುತ್ತದೆ. ಇದನ್ನು ತಡೆಯಲೆಂದೇ ಅಮೆರಿಕದ ಎಪಿಐ ಸಂಸ್ಥೆ 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ದರ್ಜೆ ತಂದಿತು.

ಇನ್ನಷ್ಟು ತಪ್ಪು ನಂಬಿಕೆಗಳು

'ಆಯಿಲ್ ಕಪ್ಪಾಯಿತು, ಕೆಟ್ಟಿತು': ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡಿದೆ ಎಂದಷ್ಟೇ ಅದರ ಅರ್ಥ. ಆದರೆ ಹಾಲು ಬೆರೆತ ಚಹಾದ ಬಣ್ಣ ಬಂದರೆ ಕೂಲಂಟ್ ಸೇರಿರಬಹುದು, ತಕ್ಷಣ ತೋರಿಸಿ.

'ಟರ್ಬೊ ಗಾಡಿ ನಿಲ್ಲಿಸಿ ಐದು ನಿಮಿಷ ಚಾಲೂ ಇಡಬೇಕು': ಪ್ರತಿ ಸಲ ಬೇಕಿಲ್ಲ. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ಬಂದರೆ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನ ಓಡಿಸಿ, ಇಲ್ಲವೇ ಒಂದು ನಿಮಿಷ ಚಾಲೂ ಬಿಡಿ. ಸಾಕು.

'ಬೇರೆ ಆಯಿಲ್ ಒಂದು ಹನಿ ಬೆರೆತರೂ ಎಂಜಿನ್ ಹಾಳು': ಇದೂ ಅತಿ. ದೂರದ ಊರಿನಲ್ಲಿ ಆಯಿಲ್ ಮಟ್ಟ ಕೆಳಗಿಳಿದಿದ್ದರೆ, ಸಿಕ್ಕ ಒಳ್ಳೆಯ ಎಂಜಿನ್ ಆಯಿಲ್ ಅರ್ಧ ಲೀಟರ್‌ವರೆಗೆ ಹಾಕಿ ನಿಧಾನವಾಗಿ ಕಲಬುರಗಿಗೋ ಸೊಲ್ಲಾಪುರಕ್ಕೋ ತಲುಪುವುದು ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಮೇಲು. ಆದರೆ ಆಯಿಲ್ ಒತ್ತಡದ ಕೆಂಪು ದೀಪ ಹತ್ತಿದರೆ ಒಂದು ಮಾರು ದೂರವೂ ಓಡಿಸಬೇಡಿ. ಕೂಡಲೇ ಎಂಜಿನ್ ಬಂದ್ ಮಾಡಿ.

ಸಂದೇಶದಲ್ಲಿ ಏನೂ ಸತ್ಯವಿಲ್ಲವೇ?

ಸ್ವಲ್ಪ ಇದೆ. ಕೆಲವು ಕಾರುಗಳ ಪುಸ್ತಕದಲ್ಲಿ ಹವಾಮಾನಕ್ಕೆ ತಕ್ಕಂತೆ ಎರಡು ಮೂರು ಬಗೆಯ ಆಯಿಲ್ ಪಟ್ಟಿ ಕೊಟ್ಟಿರುತ್ತಾರೆ. ನಮ್ಮ ಕಡೆ ಆ ಪಟ್ಟಿಯೊಳಗಿನ ದಪ್ಪ ಆಯಿಲ್ ಆರಿಸಿದರೆ ತಪ್ಪಲ್ಲ. ಪಟ್ಟಿಯ ಹೊರಗೆ ಹೋಗುವುದು ತಪ್ಪು. ನಿಜಕ್ಕೂ ನಮ್ಮ ಊರು ಬದಲಿಸಬೇಕಾದ್ದು ಆಯಿಲ್ ಬದಲಿಸುವ ಅವಧಿಯನ್ನು. ಧೂಳಿನ ರಸ್ತೆ, ಪದೇ ಪದೇ ಸಣ್ಣ ಓಡಾಟ, ಭಾರ ಹೇರಿ ಓಡಿಸುವುದು ಇದ್ದರೆ ಪುಸ್ತಕದಲ್ಲಿ ಹೇಳಿದ ಗರಿಷ್ಠ ಕಿಲೋಮೀಟರ್‌ವರೆಗೆ ಕಾಯದೆ ಬೇಗ ಬದಲಿಸಿ. ಏರ್ ಫಿಲ್ಟರ್ ಕೂಡ ಅಷ್ಟೇ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

- ಕಾರಿನ ಪುಸ್ತಕದಲ್ಲಿ ಆಯಿಲ್ ಪುಟ ತೆಗೆದು ಮೊಬೈಲ್‌ನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ.
- ಡಬ್ಬಿಯ ಹಿಂಬದಿಯಲ್ಲಿ ದಪ್ಪದ ಅಂಕಿ ಮತ್ತು ಅನುಮೋದನೆ ಸಂಖ್ಯೆ ಎರಡನ್ನೂ ಹೊಂದಿಸಿ ನೋಡಿ. 'ಅನುಮೋದಿತ' ಎಂಬುದಕ್ಕೂ 'ಸೂಕ್ತ' ಎಂಬುದಕ್ಕೂ ವ್ಯತ್ಯಾಸವಿದೆ. ಎರಡನೆಯದು ಆಯಿಲ್ ಕಂಪನಿಯ ಸ್ವಂತ ಮಾತು.
- ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ, ಬಿಲ್ ತೆಗೆದುಕೊಳ್ಳಿ. ಖಾಲಿ ಡಬ್ಬಿ ನಕಲಿ ಮಾಡುವವರ ಕೈಸೇರದಂತೆ ತೂತು ಮಾಡಿ ಬಿಸಾಡಿ.
- ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿ ತುಂಬಬೇಡಿ.

ಪುಸ್ತಕ ಕಳೆದಿದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿ, ಇಲ್ಲವೇ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ನಿಮ್ಮ ಮಾಡೆಲ್, ವರ್ಷ ಹೇಳಿ ಕೇಳಿ. ಟರ್ಬೊ ಬದಲಿಸುವ ಖರ್ಚು ಬಾಡಿಗೆ ಗಾಡಿಯವರ ತಿಂಗಳ ದುಡಿಮೆಯನ್ನೇ ನುಂಗಬಹುದು. ಅದರ ಮುಂದೆ ಒಂದು ಫೋನ್ ಯಾವ ಲೆಕ್ಕ?