ಹಳೆಯ ಪಿಕಪ್ ಕೊಳ್ಳುವ ಮುನ್ನ ಗೇರ್ ನೋಡಿ

ಮಕ್ಕಳ ಸೈಕಲ್ಲು, ಕ್ಯಾಂಪಿಂಗ್ ಸಾಮಾನು, ಹಿತ್ತಿಲಿಗೆ ಮಣ್ಣು ಎಲ್ಲಕ್ಕೂ ಆಗುತ್ತದೆಂದು ಅಮೆರಿಕದಲ್ಲಿ ನಮ್ಮವರೂ ಹಳೆಯ ಪಿಕಪ್ ಟ್ರಕ್ ಹುಡುಕುತ್ತಾರೆ. ಎಂಜಿನ್ ಸದ್ದು ಕೇಳಿ, ಟೈರು ನೋಡಿ ಚೌಕಾಸಿಗೆ ಇಳಿಯುತ್ತಾರೆ. ಆದರೆ ಜೇಬಿಗೆ ದೊಡ್ಡ ಕತ್ತರಿ ಹಾಕುವುದು ಆಟೊಮ್ಯಾಟಿಕ್ ಟ್ರಾನ್ಸ್‌ಮಿಶನ್. ಕೆಟ್ಟರೆ ಸಾವಿರಾರು ಡಾಲರ್. ಹಣವಾದರೂ ಹೋಗಲಿ, ಮಕ್ಕಳನ್ನು ಕೂರಿಸಿಕೊಂಡು ಸಿಗ್ನಲ್‌ನಲ್ಲಿ ಎಡಕ್ಕೆ ತಿರುಗುವಾಗ ಗೇರ್ ಜಾರಿದರೆ?

ಪ್ರಯೋಗಾಲಯದಲ್ಲಿ ಮಾಡುವಂತೆ ಮೊದಲು ಕಂಡದ್ದನ್ನು ಬರೆದುಕೊಳ್ಳಿ, ಕಾರಣ ಆಮೇಲೆ ಹುಡುಕಿ.

ತಣ್ಣಗಿರುವಾಗ: ನೀವು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬಾರದೆಂದು ಮಾರುವವರಿಗೆ ಮೊದಲೇ ಹೇಳಿ. ಬ್ರೇಕ್ ಒತ್ತಿ ರಿವರ್ಸ್‌ಗೆ, ಆಮೇಲೆ ಡ್ರೈವ್‌ಗೆ ಹಾಕಿ. ಗೇರ್ ಹಿಡಿಯಲು ಎರಡು ಮೂರು ಸೆಕೆಂಡ್ ಬೇಕಾದರೆ, ಅಥವಾ ಧಡ್ ಎಂದು ಹೊಡೆದರೆ, ಗಮನಿಸಿ.

ದ್ರವ: ಹೊಸದು ಸಾಮಾನ್ಯವಾಗಿ ಕೆಂಪು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಸವೆದಿರಬಹುದು. ಸ್ಟ್ರಾಬೆರಿ ಮಿಲ್ಕ್‌ಶೇಕ್‌ನಂತಿದ್ದರೆ ಕೂಲಂಟ್ ಬೆರೆತಿದೆ, ಆ ಗಾಡಿ ಬೇಡ. ಮಟ್ಟ ಕಡಿಮೆಯಿದ್ದರೂ ಗೇರ್ ಜಾರುತ್ತದೆ. ಆಗ ಸೋರಿಕೆ ಎಲ್ಲೆಂದು ಹುಡುಕಬೇಕು. ಹಲವು ಹೊಸ ಮಾದರಿಗಳಲ್ಲಿ ಡಿಪ್‌ಸ್ಟಿಕ್ ಇರುವುದಿಲ್ಲ, ಅವನ್ನು ಮೆಕ್ಯಾನಿಕ್‌ನಿಂದಲೇ ನೋಡಿಸಿ.

ಕೋಡ್: 1996ರಿಂದ ಈಚಿನ ಪಿಕಪ್‌ಗಳಲ್ಲಿ ಸ್ಟೀರಿಂಗ್ ಕೆಳಗೆ ಒಬಿಡಿ-2 ಪೋರ್ಟ್ ಇರುತ್ತದೆ. ಅಗ್ಗದ ರೀಡರ್ ಸಾಕು. 'ಪಿ0700' ಎಂದು ಬಂದರೆ ಟ್ರಾನ್ಸ್‌ಮಿಶನ್ ಕಂಪ್ಯೂಟರ್ ಏನೋ ತೊಂದರೆ ಕಂಡಿದೆ ಎಂದಷ್ಟೇ ಅರ್ಥ. ಏನೆಂದು ಹೇಳುವ ಕೋಡ್ ಬೇರೆ ಇರುತ್ತದೆ. ಕೋಡೇ ಇಲ್ಲವೆಂದು ಹಿಗ್ಗಬೇಡಿ. ರೆಡಿನೆಸ್ ಮಾನಿಟರ್‌ಗಳು 'ನಾಟ್ ರೆಡಿ' ಎಂದು ತೋರಿಸಿದರೆ ಈಚೆಗೆ ಯಾರೋ ಕೋಡ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಕಳಚಿರಬಹುದು.

ಓಡಿಸುವಾಗ: ದ್ರವ ಬಿಸಿಯಾದ ಮೇಲಷ್ಟೇ ಕಾಣುವ ದೋಷಗಳಿವೆ, ಹಾಗಾಗಿ ಅರ್ಧ ಗಂಟೆಯಾದರೂ ಓಡಿಸಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಗೇರ್ ಜಾರುತ್ತಿದೆ. ಒಂದೇ ವೇಗದಲ್ಲಿ ಹೋಗುವಾಗ ಗಾಡಿ ನಡುಗಿದರೆ ಟಾರ್ಕ್ ಕನ್ವರ್ಟರ್ ಮೇಲೆ ಅನುಮಾನ ಪಡಿ. ಎಂಜಿನ್ ಮಿಸ್‌ಫೈರ್ ಕೂಡ ಹಾಗೆಯೇ ಅನಿಸುತ್ತದೆ. ನಡುಕ ಬಂದ ಮಾತ್ರಕ್ಕೆ ಟ್ರಾನ್ಸ್‌ಮಿಶನ್ ಹೋಯಿತೆಂದಲ್ಲ. ಜನರಲ್ ಮೋಟರ್ಸ್‌ನ 8 ಗೇರ್‌ಗಳ ಕೆಲವು ಪಿಕಪ್‌ಗಳಲ್ಲಿ ದ್ರವ ತೇವಾಂಶ ಹೀರಿ ನಡುಕ ಬರುತ್ತಿತ್ತು. ಕಂಪನಿಯೇ ಬೇರೆ ದ್ರವಕ್ಕೆ ಬದಲಾಯಿಸಿತು.

ಭಾರದ ಟ್ರೇಲರ್ ಎಳೆದಿದ್ದರೇ, ದ್ರವ ಯಾವಾಗ ಬದಲಿಸಿದ್ದರು ಎಂದೂ ಕೇಳಿ. ಟ್ರಾನ್ಸ್‌ಮಿಶನ್‌ಗೆ ದೊಡ್ಡ ಶತ್ರು ಶಾಖ.

ಬರೆದುಕೊಂಡ ಚೀಟಿ ಹಿಡಿದು, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಬಳಿ ಟ್ರಕ್ ಒಯ್ಯಿರಿ. ಅದಕ್ಕೆ ಮಾರುವವರು ಒಪ್ಪದಿದ್ದರೆ ಬೇರೆ ಟ್ರಕ್ ನೋಡಿ. ಪರೀಕ್ಷೆಯ ದಿನ ಮಾತ್ರ ಮಕ್ಕಳನ್ನು ಮನೆಯಲ್ಲೇ ಬಿಟ್ಟುಹೋಗಿ.