‘ಹ್ಯಾವ್’ ಎಂಬ ಕ್ರಿಯಾಪದವೂ ನಮ್ಮ ಹೆಣ್ಣುಮಕ್ಕಳ ಇಂಗ್ಲಿಷೂ



ನಮ್ಮ ಹುಡುಗಿಯರು ಇಂಗ್ಲಿಷಿನ ಮೊದಲನೆಯ ವರುಷದಲ್ಲಿಯೇ ಕಲಿತು, ಹತ್ತು ವರುಷಗಳಾದ ಮೇಲೂ ತಪ್ಪಾಗಿ ಪ್ರಯೋಗಿಸುವ ಒಂದು ಕ್ರಿಯಾಪದವುಂಟು. ಅದು ‘ಹ್ಯಾವ್’. ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂದು ಹುಡುಗಿಯೊಬ್ಬಳು ಹೇಳಿದಳೆಂದರೆ ಕೇಳಿದವರು ನಗುತ್ತಾರೆ. ಆ ನಗೆಗೆ ನಾಚಿದವಳು ಮತ್ತೆ ಬಾಯ್ದೆರೆಯಲು ಅಂಜುತ್ತಾಳೆ. ಮನೆಯವರಲ್ಲಿ ಕೆಲವರು, ಮನೆಯಲ್ಲಿ ಕನ್ನಡವನ್ನಾಡುವುದೇ ಈ ತಪ್ಪಿಗೆ ಕಾರಣವೆಂದೆಣಿಸಿ ಅದನ್ನು ಬಿಡಿಸಲೆಳಸುತ್ತಾರೆ. ನಗುವುದೂ ಕನ್ನಡವನ್ನು ಬಿಡಿಸುವುದೂ ಎರಡೂ ಅಡ್ಡದಾರಿಗಳು; ಕನ್ನಡವನ್ನು ಚೆನ್ನಾಗಿ ಅರಿಯುವುದೇ ಈ ದೋಷಕ್ಕೆ ಮದ್ದು. ಇದೇ ಈ ಲೇಖನದಲ್ಲಿ ಅರಿಕೆಮಾಡಬೇಕಾದ ವಿಷಯವು.

ದೋಷದ ಬೇರು ಎಲ್ಲಿದೆಯೆಂಬುದನ್ನು ಮೊದಲು ನೋಡೋಣ. ಆಡುಗನ್ನಡದಲ್ಲಿ ‘ಹ್ಯಾವ್’ ಎಂಬುದಕ್ಕೆ ಸರಿಸಮವಾದ ಕ್ರಿಯಾಪದವೇ ಇಲ್ಲ. ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಎನ್ನುತ್ತೇವೆ. ಇಲ್ಲಿ ‘ಅಣ್ಣಂದಿರು’ ಎಂಬುದು ಕರ್ತೃಪದ. ‘ನನಗೆ’ ಎಂಬುದು ಚತುರ್ಥೀ ವಿಭಕ್ತಿ. ಕ್ರಿಯೆಯು ‘ಇರು’ ಧಾತುವಿನದು. ಹಣದ ಮಾತು ಬಂದರೆ ‘ನನ್ನ ಹತ್ತಿರ ಇದೆ’ ಎಂದೂ, ಗುಣದ ಮಾತು ಬಂದರೆ ‘ಅವಳಲ್ಲಿ ತಾಳ್ಮೆಯಿದೆ’ ಎಂದೂ ಹೇಳುತ್ತೇವೆ. ನಂಟು, ಸೊತ್ತು, ಗುಣ ಇವುಗಳ ಭೇದವನ್ನು ಕನ್ನಡವು ಹೀಗೆ ಬೇರೆ ಬೇರೆ ರೂಪಗಳಿಂದ ಸೂಚಿಸುತ್ತದೆ. ಇಂಗ್ಲಿಷಾದರೋ ಮನುಷ್ಯನನ್ನೇ ಕರ್ತೃಸ್ಥಾನದಲ್ಲಿ ನಿಲ್ಲಿಸಿ, ಅಣ್ಣಂದಿರಿಗೂ ಹಣಕ್ಕೂ ತಾಳ್ಮೆಗೂ ‘ಹ್ಯಾವ್’ ಎಂಬ ಒಂದನ್ನೇ ಸಾಕುಮಾಡಿಕೊಳ್ಳುತ್ತದೆ. ಇದು ಕನ್ನಡದ ಕೊರತೆಯೆಂದು ಯಾರೂ ತಿಳಿಯಬಾರದು. ಹೀಬ್ರು ಭಾಷೆಯಲ್ಲಿಯೂ ಇಂಥ ಕ್ರಿಯಾಪದವಿಲ್ಲ. ಇಂಗ್ಲೆಂಡಿನ ಮಗ್ಗುಲಲ್ಲಿಯೇ ಇರುವ ವೇಲ್ಸ್ ಮತ್ತು ಐರ್ಲೆಂಡ್ ದೇಶಗಳ ಮೂಲನುಡಿಗಳಲ್ಲಿಯೂ ‘ನನ್ನ ಬಳಿಯಲ್ಲಿ ಇದೆ’ ಎಂಬ ರೀತಿಯ ಪ್ರಯೋಗವೇ ರೂಢಿ.

ಆದಕಾರಣ ಕನ್ನಡದ ಹುಡುಗಿಯು ಇಂಗ್ಲಿಷಿನಲ್ಲಿ ಮಾತಾಡುವಾಗ ವಾಕ್ಯದ ಕಟ್ಟನ್ನೇ ತಿರುಗಿಸಿ ಕಟ್ಟಬೇಕಾಗುತ್ತದೆ. ಮನಸ್ಸಿನಲ್ಲಿರುವ ‘ಇದ್ದಾರೆ’ ಎಂಬುದಕ್ಕೆ ‘ಆ್ಯಮ್’ ಎಂಬುದನ್ನೂ, ಈಗಿನ ಸಂಗತಿಯೆಂಬುದಕ್ಕೆ ‘ಇಂಗ್’ ಎಂಬುದನ್ನೂ ಅವಳು ಸೇರಿಸುತ್ತಾಳೆಂದು ನನಗೆ ತೋರುತ್ತದೆ. ಇದು ದಡ್ಡತನದ ಗುರುತಲ್ಲ.

ಇದೇ ಹಾದಿಯನ್ನು ಎದುರುದಿಕ್ಕಿನಿಂದ ನಡೆದವರೂ ಉಂಟು. 1853ರಲ್ಲಿ ನಮ್ಮ ನಾಡಿಗೆ ಬಂದ ಫರ್ಡಿನಂಡ್ ಕಿಟ್ಟೆಲರ ತಾಯ್ನುಡಿಯಾದ ಜರ್ಮನಿನಲ್ಲಿ ‘ಹಾಬೆನ್’ ಎಂಬ ಇಂಥದೇ ಕ್ರಿಯಾಪದವಿದೆ. ಕನ್ನಡವನ್ನಾಡಬೇಕಾದರೆ ಅವರು ಅದನ್ನು ಬದಿಗಿಟ್ಟು ‘ನನಗೆ ಇದೆ’ ಎಂಬ ದಾರಿಗೆ ಬರಲೇಬೇಕಾಗಿತ್ತು. ಅವರು ಜರ್ಮನನ್ನು ಮರೆತು ಕನ್ನಡವನ್ನು ಕಲಿಯಲಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ, 1894ರಲ್ಲಿ ಕನ್ನಡ-ಇಂಗ್ಲಿಷು ನಿಘಂಟನ್ನೂ 1903ರಲ್ಲಿ ಕನ್ನಡದ ವ್ಯಾಕರಣವನ್ನೂ ಹೊರತಂದ ಆ ವಿದ್ವಾಂಸರ ಕೆಲಸವೆಲ್ಲ ಒಂದು ನುಡಿಯ ಬೆಳಕನ್ನು ಇನ್ನೊಂದರ ಮೇಲೆ ಬೀರುವ ಕೆಲಸವೇ ಆಗಿತ್ತು. ನಮ್ಮ ಹುಡುಗಿಯರಿಗೂ ಅದೇ ಕ್ರಮವು ತಕ್ಕದ್ದು.

ಹೇಗೆಂದರೆ, ‘ಹ್ಯಾವ್’ ಬರುವ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಲಿ. ‘ಇದೆ, ಇದ್ದಾರೆ’ ಎಂಬುದು ಬಂದರೆ ಅದು ಸ್ಥಿತಿ. ಅಲ್ಲಿ ‘ಇಂಗ್’ ಸಲ್ಲದು. ‘ಐ ಹ್ಯಾವ್ ಟೂ ಬ್ರದರ್ಸ್’, ‘ಶೀ ಹ್ಯಾಸ್ ಎ ಫೀವರ್’ ಎಂದೇ ಹೇಳಬೇಕು. ‘ಉಣ್ಣುತ್ತಿದ್ದೇವೆ, ಸಭೆ ನಡೆಸುತ್ತಿದ್ದೇವೆ’ ಎಂದು ಬಂದರೆ ಅದು ಕಾರ್ಯ. ಅಲ್ಲಿ ‘ವಿ ಆರ್ ಹ್ಯಾವಿಂಗ್ ಲಂಚ್’, ‘ವಿ ಆರ್ ಹ್ಯಾವಿಂಗ್ ಎ ಮೀಟಿಂಗ್’ ಎಂಬುದು ಶುದ್ಧಪ್ರಯೋಗವೇ. ಸದ್ಯದ ತೊಂದರೆಯನ್ನು ಹೇಳುವಾಗ ‘ಹ್ಯಾವಿಂಗ್ ಟ್ರಬಲ್’ ಎನ್ನುವಂಥ ಅಪವಾದಗಳು ಕೆಲವುಂಟು; ಆದರೂ ಕಲಿಯುವವಳಿಗೆ ಈ ಒರೆಗಲ್ಲು ಬಹುಮಟ್ಟಿಗೆ ಸಾಕು. ಇನ್ನು ಸಹಾಯಕ ಕ್ರಿಯಾಪದವಾದಾಗ ಇನ್ನೊಂದು ಎಚ್ಚರಿಕೆ ಬೇಕು. ‘ನಿನ್ನೆ ಅವಳನ್ನು ನೋಡಿದ್ದೇನೆ’ ಎಂಬುದು ಕನ್ನಡದಲ್ಲಿ ನಿರ್ದೋಷವು. ಆದರೆ ‘ನಿನ್ನೆ’ ಎಂದು ಕಳೆದ ಕಾಲವನ್ನು ಹೆಸರಿಸಿದ ಮೇಲೆ ಇಂಗ್ಲಿಷಿನಲ್ಲಿ ‘ಹ್ಯಾವ್ ಸೀನ್’ ಎನ್ನದೆ ‘ಐ ಸಾ ಹರ್ ಯೆಸ್ಟರ್‌ಡೇ’ ಎನ್ನತಕ್ಕದ್ದು.

ಅರ್ಥವಾದರೆ ಸಾಲದೇ, ಇಷ್ಟು ಸೂಕ್ಷ್ಮವೇಕೆ, ಎಂದು ಕೆಲವರು ಕೇಳಬಹುದು. ‘ಐ ಆ್ಯಮ್ ಹ್ಯಾವಿಂಗ್’ ಎಂಬುದನ್ನು ಭಾರತೀಯರ ಇಂಗ್ಲಿಷಿನ ಒಂದು ಲಕ್ಷಣವೆಂದೇ ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆಂಬುದು ನಿಜ. ಗೆಳತಿಯರ ಮಾತಿನಲ್ಲಿ ಅದರಿಂದ ಹಾನಿಯೇನೂ ಇಲ್ಲ. ಆದರೆ ಪರೀಕ್ಷೆಯ ಉತ್ತರವನ್ನೂ ಕೆಲಸದ ಅರ್ಜಿಯನ್ನೂ ಓದುವವರು ಆ ಒಂದು ಪದದಿಂದಲೇ ಬರೆದವಳ ಯೋಗ್ಯತೆಯನ್ನು ಅಳೆದುಬಿಡುತ್ತಾರೆ. ಆ ಅಳತೆಯು ನ್ಯಾಯವಲ್ಲದಿದ್ದರೂ ಅದರ ನಷ್ಟವು ಹುಡುಗಿಯದೇ. ಆದುದರಿಂದ ಶುದ್ಧಪ್ರಯೋಗವು ಅವಳ ಕೈವಶವಾಗಿರಬೇಕು.

ತಿದ್ದುವವರಿಗೆ ವಿನಯವೂ ಬೇಕು. ಹಿಂದಿನ ತಲೆಮಾರಿನವರು ‘ಹ್ಯಾವ್ ಯೂ ಎ ಪೆನ್?’ ಎಂದು ಕಲಿತರು. ಈಗಿನ ಮಕ್ಕಳು ‘ಡು ಯೂ ಹ್ಯಾವ್ ಎ ಪೆನ್?’ ಎಂದು ಕಲಿಯುತ್ತಾರೆ. ಅಜ್ಜಿಯದೂ ತಪ್ಪಲ್ಲ, ಮೊಮ್ಮಗಳದೂ ತಪ್ಪಲ್ಲ; ರೂಢಿಯು ಬದಲಾಗಿದೆ, ಅಷ್ಟೆ.

ಇನ್ನು ಮನೆಯಲ್ಲಿ ಕನ್ನಡವನ್ನು ಬಿಡಿಸುವುದರ ಫಲವೇನೆಂಬುದನ್ನು ಈಗಿನ ಪತ್ರಿಕೆಗಳ ಕನ್ನಡದಿಂದಲೇ ಊಹಿಸಬಹುದು. ‘ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ’, ‘ಈ ಮನೆಯು ನಾಲ್ಕು ಕೋಣೆಗಳನ್ನು ಹೊಂದಿದೆ’ ಎಂಬಂಥ ವಾಕ್ಯಗಳು ದಿನವೂ ಕಣ್ಣಿಗೆ ಬೀಳುತ್ತವೆ. ‘ಅವರಿಗೆ ಇಬ್ಬರು ಮಕ್ಕಳು’ ಎಂದರೆ ಮುಗಿಯುವ ಮಾತಿಗೆ ಇಂಗ್ಲಿಷಿನ ‘ಹ್ಯಾವ್’ ವೇಷ ಹಾಕಿಕೊಂಡು ಬಂದು ನಿಂತಿದೆ! ‘ಹ್ಯಾವಿಂಗ್ ಟೂ ಬ್ರದರ್ಸ್’ ಎಂಬುದೂ ‘ಮಕ್ಕಳನ್ನು ಹೊಂದಿದ್ದಾರೆ’ ಎಂಬುದೂ ಒಂದೇ ಬಳ್ಳಿಯ ಕಾಯಿಗಳು. ಎರಡು ನುಡಿಗಳ ಭೇದವನ್ನು ಕಾಣದವರು ಎರಡನ್ನೂ ಕೆಡಿಸುತ್ತಾರೆ.

ಈ ಶಾಲೆಯಲ್ಲಿ ಓದಿದ ನಿಮ್ಮಲ್ಲಿ ಅನೇಕರು ಇಂದು ತಾಯಂದಿರಾಗಿದ್ದೀರಿ, ಕೆಲವರು ಉಪಾಧ್ಯಾಯಿನಿಯರೂ ಆಗಿದ್ದೀರಿ. ನಿಮ್ಮ ಮಗಳು ಈ ತಪ್ಪನ್ನು ಮಾಡಿದಾಗ ನಗಬೇಡಿರಿ. ‘ಅದನ್ನೇ ಕನ್ನಡದಲ್ಲಿ ಹೇಳಮ್ಮಾ’ ಎಂದು ಕೇಳಿರಿ. ಅವಳು ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಎಂದಾಗ, ಆ ವಾಕ್ಯವನ್ನೂ ಇಂಗ್ಲಿಷಿನ ವಾಕ್ಯವನ್ನೂ ಒಂದರ ಕೆಳಗೊಂದು ಬರೆಯಿಸಿ, ಯಾವುದು ಎಲ್ಲಿ ನಿಂತಿದೆಯೆಂದು ಅವಳಿಂದಲೇ ಹೇಳಿಸಿರಿ. ತಪ್ಪು ತಾನಾಗಿ ಕಣ್ಣಿಗೆ ಕಾಣುವುದು. ತಾಯ್ನುಡಿಯ ಮೇಲಣ ಗೌರವವೂ ಉಳಿಯುವುದು.