ತೊಂಬತ್ತಾರು ಅರ್ಧಚ್ಛೇದಗಳ ಸಂಖ್ಯೆ: ಹೆಮ್ಮೆಗೆ ಮೊದಲು ಲೆಕ್ಕ

ದಾಂಡೇಲಿಯ ನೆರೆಯ ಈ ಅಂಬೇವಾಡಿಗೂ ಆ ಸಂದೇಶ ಬಂದು ತಲುಪಿದೆ: “ನಮ್ಮ ಆಚಾರ್ಯರು ಜಗತ್ತಿನ ಜನಸಂಖ್ಯೆಯನ್ನು ಮೊದಲೇ ಹೇಳಿದ್ದರು, ಗಣಕಯಂತ್ರದ ದ್ವಿಮಾನ ಪದ್ಧತಿಯೂ ನಮ್ಮದೇ.” ಕಳುಹಿಸಿದವರು ಶ್ರಾವಕರೇ. ಇನ್ನೊಂದೆಡೆ, ಇದೆಲ್ಲ ಬರಿಯ ಪುರಾಣದ ಉತ್ಪ್ರೇಕ್ಷೆಯೆಂದು ನಗುವ ವಿದ್ಯಾವಂತರಿದ್ದಾರೆ. ಇಬ್ಬರೂ ಆ ಸಂಖ್ಯೆಯನ್ನು ಒಮ್ಮೆಯೂ ಗುಣಿಸಿ ನೋಡಿದವರಲ್ಲ.

ಸಂಖ್ಯೆ ಇದು: 79,22,81,62,51,42,64,33,75,93,54,39,50,336. ಅನುಯೋಗದ್ವಾರ ಸೂತ್ರವು ಪರ್ಯಾಪ್ತ ಮನುಷ್ಯರ ರಾಶಿಗೆ 29 ಸ್ಥಾನಗಳನ್ನೂ 96 ಅರ್ಧಚ್ಛೇದಗಳನ್ನೂ ಹೇಳುತ್ತದೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಒಂದೇ ಗಾಹೆಯಲ್ಲಿ ಆ 29 ಅಂಕಗಳನ್ನೂ ಅಕ್ಷರಗಳಲ್ಲಿ ಅಡಗಿಸಿದ್ದಾರೆ. ಮೊದಲ ತಕಾರವೇ ಏಕಸ್ಥಾನದ 6; ಅಲ್ಲಿಂದ ಎಡಕ್ಕೆ ಬರೆಯುತ್ತ ಹೋಗಬೇಕು. ಶ್ವೇತಾಂಬರ, ದಿಗಂಬರ ಪರಂಪರೆಗಳೆರಡೂ ಇಲ್ಲಿ ಒಂದೇ ಸಂಖ್ಯೆಗೆ ಬಂದು ನಿಲ್ಲುತ್ತವೆ.

ಇದರ ಹುಟ್ಟು ಹೇಗೆ? ಎರಡರ ವರ್ಗ 4, ಅದರ ವರ್ಗ 16. ಹೀಗೆ ಐದನೆಯ ವರ್ಗ 4294967296. ಆರನೆಯ ವರ್ಗವೆಂದರೆ ಐದನೆಯದರ ವರ್ಗ. ಐದನೆಯದನ್ನೂ ಆರನೆಯದನ್ನೂ ಗುಣಿಸಿದರೆ ನಮ್ಮ ಸಂಖ್ಯೆ. ಆದುದರಿಂದ ಅದು ಐದನೆಯ ವರ್ಗದ ಘನವೂ ಹೌದು. ಗುಣಲಬ್ಧದ ಅರ್ಧಚ್ಛೇದವು ಗುಣಕಗಳ ಅರ್ಧಚ್ಛೇದಗಳ ಮೊತ್ತವೆಂಬ ನಿಯಮ ವೀರಸೇನಾಚಾರ್ಯರ ಧವಲೆಯಲ್ಲಿದೆ: 32ಕ್ಕೆ 64 ಕೂಡಿದರೆ 96. ಒಂದನ್ನುಳಿದು ಯಾವ ಬೆಸ ಸಂಖ್ಯೆಯೂ ಇದನ್ನು ಭಾಗಿಸದು. ಅಂಕಗಳನ್ನು ಕೂಡಿದರೆ 127, ಒಂಬತ್ತರಿಂದ ಭಾಗಿಸಿದರೆ ಶೇಷ 1. ಎರಡರ ತೊಂಬತ್ತಾರನೆಯ ಘಾತಕ್ಕೂ ಶೇಷ 1. ಓಲೆಗರಿಯಲ್ಲಿ ಒಂದು ಅಂಕ ತಪ್ಪಿದ್ದರೆ, ಅದು 0ಗೂ 9ಕ್ಕೂ ಅದಲುಬದಲಾದ ತಪ್ಪಲ್ಲದಿದ್ದರೆ, ಈ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತಿತ್ತು.

ಈಗ ಸಂದೇಶವೀರರಿಗೆ ಉತ್ತರ. ಜಗತ್ತಿನ ಜನಸಂಖ್ಯೆ 800 ಕೋಟಿ ದಾಟಿದ್ದು 2022ರಲ್ಲಿ. ಅದು ಹತ್ತು ಅಂಕಗಳ ಸಂಖ್ಯೆ, ಇದು 29 ಅಂಕಗಳದು. ಶಾಸ್ತ್ರವು ಎರಡೂವರೆ ದ್ವೀಪಗಳ ಮನುಷ್ಯರನ್ನು ಹೇಳುತ್ತದೆಯೇ ಹೊರತು ಜನಗಣತಿಯನ್ನಲ್ಲ. ಮತ್ತೆ ಮತ್ತೆ ಅರ್ಧ ಮಾಡುವುದು ದ್ವಿಮಾನ ಲಿಪಿಯೂ ಅಲ್ಲ. 29 ಸ್ಥಾನಗಳೆಂಬ ಎಣಿಕೆಯೇ ದಶಮಾನದ್ದು. ನಗುವವರಿಗೂ ಒಂದು ಮಾತು: ಉತ್ಪ್ರೇಕ್ಷೆಗೆ “ಅಸಂಖ್ಯಾತ” ಎಂದರೆ ಸಾಕಿತ್ತು. ಕೊನೆಯ 6ರವರೆಗೆ ತಪ್ಪಿಲ್ಲದೆ ಹೇಳುವುದು ಲೆಕ್ಕ ಮಾಡಿದವನ ನಡತೆ.

ಸುಳ್ಳು ಹೆಮ್ಮೆಯ ನಷ್ಟ ಯಾರಿಗೆ? ಶಾಲೆಯ ಹುಡುಗಿಯೊಬ್ಬಳು ಜನಸಂಖ್ಯೆಯ ಮಾತು ಸುಳ್ಳೆಂದು ಕಂಡುಕೊಂಡ ದಿನ ಧವಲೆಯ ನಿಜವನ್ನೂ ನಂಬಲಾರಳು. ಕೇಶವವರ್ಣಿ 1359ರಲ್ಲೇ ಗೊಮ್ಮಟಸಾರಕ್ಕೆ ಕನ್ನಡ ವೃತ್ತಿ ಬರೆದು ಮುಗಿಸಿದ. ನಮಗೆ ಅದನ್ನು ಓದುವ ವ್ಯವಧಾನವಿಲ್ಲ, ಸಂದೇಶ ರವಾನಿಸುವ ಅವಸರ ಮಾತ್ರ ಇದೆ. ಮುಂದಿನ ಮಹಾವೀರ ಜಯಂತಿಗೆ ಭಾಷಣವೊಂದನ್ನು ಕಡಿಮೆ ಮಾಡಿ, ಮಕ್ಕಳ ಕೈಗೆ ಹಾಳೆ ಕೊಡೋಣ. ಎರಡರಿಂದ ಹೊರಟು ತೊಂಬತ್ತೈದು ಬಾರಿ ಇಮ್ಮಡಿಸಲಿ. ಕೊನೆಯಲ್ಲಿ ನೇಮಿಚಂದ್ರರ ಅಂಕಗಳೇ ಬಂದಾಗ, ಹೆಮ್ಮೆಯನ್ನು ನಾವು ಕಲಿಸಬೇಕಾಗಿಲ್ಲ.